ಚಿತ್ರ ನೋಡಿ ಪುಟ ತಿರುವು

ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಒಳಗೆ ಹೋಗುವ ಮುಂಚೆ ಫೋನನ್ನು ಗೇಟಿನ ಪಕ್ಕದ ಕಬ್ಬಿಣದ ಗೂಡಿನಲ್ಲಿಟ್ಟು ಬೀಗ ಹಾಕಬೇಕು. ಸಂಜೆ ಪಾಳಿ ಮುಗಿದ ಮೇಲೆಯೇ ಅದು ಕೈಗೆ ಸಿಗುವುದು. ಉಳಿದ ಹೆಂಗಸರು ಬೀಗ ತೆಗೆದು, ನಗುತ್ತಾ ಮಾತಾಡುತ್ತಾ ಫೋನು ನೋಡುತ್ತಾರೆ. ನಾನು ಗೂಡಿನ ಬಾಗಿಲು ತೆಗೆದರೂ ಫೋನನ್ನು ತಕ್ಷಣ ಕೈಗೆ ತೆಗೆದುಕೊಳ್ಳುವುದಿಲ್ಲ.

ನನ್ನ ತಮ್ಮ ಬೆಂಗಳೂರಿನ ಪೀಣ್ಯದಲ್ಲಿ ನಟ್ಟು ಬೋಲ್ಟುಗಳಿಗೆ ಪ್ಲೇಟಿಂಗ್, ಅಂದರೆ ಹೊಳೆಯುವ ಲೋಹದ ಲೇಪ, ಮಾಡುವ ಒಂದು ಶೆಡ್ಡಿನಲ್ಲಿ ಆಸಿಡ್ ತೊಟ್ಟಿಗಳ ಹತ್ತಿರ ಕೆಲಸ ಮಾಡುತ್ತಾನೆ. ಅವನಿಗೆ ಓದಲು ಬರುವುದಿಲ್ಲ. ಹತ್ತನೇ ತರಗತಿಯವರೆಗೆ ಶಾಲೆಗೆ ಹೋಗಿದ್ದಾನೆ, ಆದರೂ ಬರುವುದಿಲ್ಲ. ಹಾಗಾಗಲು ನಾನೇ ಕಾರಣ.

ನಾವು ರಾಯಚೂರು ಕಡೆಯವರು. ನಾನು ನಾಲ್ಕನೇ ತರಗತಿ ಮುಗಿಸಿದ ವರ್ಷ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆಂದು ನಮ್ಮಿಬ್ಬರನ್ನೂ ಪೀಣ್ಯದ ಆಚೆಯ ಒಂದು ಹಳ್ಳಿಗೆ ಕರೆತಂದರು. ಹೆಸರಿಗೆ ಮಾತ್ರ ಹಳ್ಳಿ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಶೀಟಿನ ಕೋಣೆಗಳು ಸಾಲಾಗಿ ಎದ್ದಿದ್ದವು, ಅವುಗಳ ಹಿಂದೆ ಲೇತ್ ಮಿಷನ್ನಿನ ಶೆಡ್ಡುಗಳು. ಕೆರೆಯ ನೀರು ಒಂದು ದಿನ ಇದ್ದ ಬಣ್ಣದಲ್ಲಿ ಇನ್ನೊಂದು ದಿನ ಇರುತ್ತಿರಲಿಲ್ಲ. ಗಾಳಿ ಜೋರಾದರೆ ಅದರ ನೊರೆ ಹಾರಿ ಬಂದು ಶಾಲೆಯ ಬೇಲಿಗೆ ಅಂಟಿಕೊಳ್ಳುತ್ತಿತ್ತು. ಸಣ್ಣ ಮಕ್ಕಳು ಅದನ್ನು ಹಿಡಿಯಲು ಓಡಿದರೆ ಮೇಷ್ಟ್ರು ಕಿಟಕಿಯಿಂದಲೇ ಕೂಗುತ್ತಿದ್ದರು, "ಮುಟ್ಬೇಡ್ರೋ, ಚರ್ಮ ಸುಲಿಯುತ್ತೆ!"

ಶಾಲೆ ಇದ್ದದ್ದು ಐದನೇ ತರಗತಿವರೆಗೆ. ಹೆಂಚಿನ ಎರಡು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲಿ ಒಂದು ಹೊಂಗೆ ಮರ. ನಮ್ಮ ಕೋಣೆಯ ಓನರಮ್ಮನ ಮನೆತನದವರು ಹಿಂದೆ ಯಾವಾಗಲೋ ಆ ಜಾಗ ಕೊಟ್ಟಿದ್ದರಂತೆ.

"ನಮ್ ಮಾವ್ನೋರು ಕೊಟ್ಟ ಜಾಗ ಕಣೇ ಅದು. ನಮ್ ಯಜಮಾನ್ರು ಅಲ್ಲೇ ಓದಿದ್ದು," ಎಂದು ಓನರಮ್ಮ ಹೇಳುತ್ತಿದ್ದರು. "ಈವಾಗ ನೋಡು, ನಮ್ಮೋರ ಮಗ ಒಂದೂ ಇಲ್ಲ. ಎಲ್ಲಾ ನಿಮ್ಮಂಗೆ ಬಂದೋರ್ದೇ."

ಅವರ ಮೊಮ್ಮಕ್ಕಳು ಟೈ ಕಟ್ಟಿಕೊಂಡು ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಸರ್ಕಾರಿ ಶಾಲೆಗೆ ಉಳಿದದ್ದು ನಾವು. ನಮ್ಮ ಕಡೆಯವರು, ಆಂಧ್ರದವರು, ಬಿಹಾರದವರು, ಒಡಿಶಾದವರು. ಹತ್ತಿ ಬಿಡಿಸುವ ಕಾಲ ಬಂದರೆ ನಮ್ಮ ಕಡೆಯ ಮಕ್ಕಳು ಅಪ್ಪ ಅವ್ವನ ಜೊತೆ ಊರಿಗೆ ಹೋಗಿಬಿಡುತ್ತಿದ್ದರು. ಒಂದು ಅಪಾರ್ಟ್‌ಮೆಂಟಿನ ಕೆಲಸ ಮುಗಿದರೆ ಅಲ್ಲಿನ ಕೆಲಸಗಾರರ ಮಕ್ಕಳೆಲ್ಲ ಒಂದೇ ದಿನಕ್ಕೆ ಮಾಯ. ಬೆಂಚು ಖಾಲಿಯಾಗುತ್ತಿತ್ತು, ಸ್ವಲ್ಪ ದಿನಕ್ಕೆ ಬೇರೆ ಮುಖಗಳು ಬಂದು ಕೂರುತ್ತಿದ್ದವು. ಮೇಷ್ಟ್ರು ಹೆಸರು ಕಲಿಯುವಷ್ಟರಲ್ಲಿ ಅವೂ ಹೋಗುತ್ತಿದ್ದವು.

ನನ್ನನ್ನು ಐದಕ್ಕೆ ಸೇರಿಸಿಕೊಳ್ಳಲು ಮೇಷ್ಟ್ರು ಸಿದ್ಧರಿದ್ದರು. ಅವ್ವ ಒಪ್ಪಲಿಲ್ಲ, ಮನೆಯಲ್ಲಿ ಅಡುಗೆಗೆ ಆಳಿರಲಿಲ್ಲ. ತಮ್ಮನನ್ನು ಬಿಟ್ಟು ಬರಲು ಹೋದವಳು ಅಲ್ಲೇ ಬಿಸಿಯೂಟದ ಅಡುಗೆಯವರಿಗೆ ತರಕಾರಿ ಹೆಚ್ಚಿಕೊಡುತ್ತಾ ಕೂರುತ್ತಿದ್ದೆ. ಅಡುಗೆಮನೆಯ ಕಿಟಕಿ ತರಗತಿಯ ಕಡೆಗಿತ್ತು. ಈರುಳ್ಳಿ ಹೆಚ್ಚುತ್ತಾ ಪಾಠ ಕೇಳುತ್ತಿದ್ದೆ.

ಅಲ್ಲಿ ಪಾಠ ನಡೆಯುವ ಕ್ರಮವೇ ಬೇರೆ. ಒಂದು ಕೋಣೆಯಲ್ಲಿ ಎರಡು ಮೂರು ತರಗತಿ, ನಾಲ್ಕಾರು ಭಾಷೆ. ಹಾಗಾಗಿ ಮೇಷ್ಟ್ರು ಒಬ್ಬ ಹುಡುಗನನ್ನು ಮುಂದೆ ನಿಲ್ಲಿಸುತ್ತಿದ್ದರು. ಅವನು ಒಂದು ಸಾಲು ಓದುವುದು, ಉಳಿದವರೆಲ್ಲ ಒಟ್ಟಿಗೆ ಅದನ್ನೇ ಕೂಗುವುದು. ಕೂಗು ರಸ್ತೆಯವರೆಗೆ ಕೇಳುತ್ತಿತ್ತು, ಹೋಗುವವರಿಗೆ ಶಾಲೆ ಚೆನ್ನಾಗಿ ನಡೆಯುತ್ತಿದೆ ಅನ್ನಿಸುತ್ತಿತ್ತು. ಮುಂದೆ ನಿಲ್ಲುವವನು ಯಾರು ಎಂದರೆ ಕನ್ನಡ ಸಲೀಸಾಗಿ ಮಾತಾಡುವವನು. ಉಳಿದ ಮಕ್ಕಳಿಗೆ ಕನ್ನಡವೇ ಹೊಸದು. ಕನ್ನಡ ಮಾತಾಡುವವನೇ ಜಾಣ ಎಂದು ಎಲ್ಲರೂ ನಂಬಿದ್ದರು, ಮೇಷ್ಟ್ರೂ ಸಹ. ನನ್ನ ತಮ್ಮ ಮೂರನೇ ತರಗತಿಗೆ ಬರುವಷ್ಟರಲ್ಲಿ ಮುಂದೆ ನಿಲ್ಲುವವನು ಅವನೇ ಆಗಿದ್ದ.

ಒಂದು ಸಂಜೆ ಮೇಷ್ಟ್ರು ನಮ್ಮ ಕೋಣೆಗಳ ಸಾಲಿನ ಮುಂದೆ ಸ್ಕೂಟರ್ ನಿಲ್ಲಿಸಿ ಅವ್ವನಿಗೆ ಹೇಳಿದರು, "ಏನಮ್ಮ, ಮಗ ಗಿಳಿ ಥರ ಓದ್ತಾನೆ. ಇವನನ್ನ ಮಾತ್ರ ಹತ್ತಿ ಕೀಳೋಕೆ ಕರ್ಕೊಂಡು ಹೋಗ್ಬೇಡ."

ಅವ್ವ ಸಿಮೆಂಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತಳು. ನಮ್ಮ ಮನೆಯಲ್ಲಿ ಯಾರನ್ನೂ ಯಾರೂ ಹಾಗೆ ಹೊಗಳಿರಲಿಲ್ಲ. ಆ ವರ್ಷ ನಾವು ಹತ್ತಿಗೆ ಹೋಗಲಿಲ್ಲ.

ಆದರೆ ನನಗೆ ಗೊತ್ತಿತ್ತು. ಅವನು ಓದುತ್ತಿರಲಿಲ್ಲ. ಸಂಜೆ ಸೌದೆ ಒಲೆಯ ಮುಂದೆ ನಾನು ಅವನ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ. ಅವನು ರೊಟ್ಟಿ ತಿನ್ನುತ್ತಾ ಕೇಳುತ್ತಿದ್ದ. ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅವನೇ ಪಾಠವನ್ನೆಲ್ಲ ಒಪ್ಪಿಸಿಬಿಡುತ್ತಿದ್ದ. ಮೇಷ್ಟ್ರು ನಡುವೆ ಕೆಮ್ಮುವುದನ್ನೂ ಸೇರಿಸಿ ಒಪ್ಪಿಸಿ ನನ್ನನ್ನು ನಗಿಸುತ್ತಿದ್ದ. ಬೆರಳನ್ನು ಸಾಲಿನ ಕೆಳಗೆ ಹೇಗೆ ಜರುಗಿಸಬೇಕು ಎಂದು ಅವನಿಗೆ ತೋರಿಸಿಕೊಟ್ಟವಳು ನಾನು.

"ಬೆರಳು ಜೋರಾಗಿ ಓಡಿಸಬ್ಯಾಡ. ನಿಧಾನ," ಎನ್ನುತ್ತಿದ್ದೆ.

"ಪುಟ ಯಾವಾಗ ತಿರುವಬೇಕಂತ ಹೆಂಗ ಗೊತ್ತಾಗ್ತೈತಿ ಯಕ್ಕಾ?"

"ಚಿತ್ರ ನೋಡು. ಬಾವಿ ಚಿತ್ರ ಇದ್ದಲ್ಲಿ ಮುದುಕಿ ನೀರು ಸೇದೂದು ಮುಗೀತಂದ್ರ ತಿರುವು."

ಅಕ್ಷರ ಕಲಿಸುವುದು ನನಗೆ ಆಗದ ಕೆಲಸವಾಗಿರಲಿಲ್ಲ. ಒಂದೆರಡು ಸಲ ಶುರುವನ್ನೂ ಮಾಡಿದ್ದೆ. ಅವನಿಗೆ ಬೇಜಾರು, ನನಗೆ ಅವಸರ. ನಾನೇ ಓದಿ ಹೇಳುವುದು ಸುಲಭವಾಗಿತ್ತು. ಇನ್ನೂ ಒಂದು ಮಾತಿದೆ, ಇದನ್ನು ಬರೆಯಲು ಕೂತಾಗ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ದಿನವಿಡೀ ಪಾತ್ರೆ, ನೀರು, ಅಡುಗೆ ಎಂದು ಓಡಾಡುತ್ತಿದ್ದವಳಿಗೆ ಪುಸ್ತಕ ಕೈಗೆ ಬರುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಅವನು ತಾನೇ ಓದಲು ಕಲಿತರೆ ನನ್ನ ಮುಂದೆ ಬಂದು ಕೂರುವುದಿಲ್ಲ ಎನ್ನುವುದು ನನಗೆ ತಿಳಿದಿತ್ತು. ಅದು ನನಗೆ ಬೇಕಿರಲಿಲ್ಲ.

ಅವನು ನಾಲ್ಕಕ್ಕೆ ಬಂದ ವರ್ಷ ಶಾಲೆಗೆ ಒಬ್ಬ ಅತಿಥಿ ಶಿಕ್ಷಕಿ ಬಂದರು. ವರ್ಷದ ಮಟ್ಟಿಗೆ ತೆಗೆದುಕೊಂಡವರು, ಕಾಯಂ ಅಲ್ಲ. ಇನ್ನೂ ಚಿಕ್ಕ ವಯಸ್ಸು, ಸಿಂಗಸಂದ್ರದಿಂದ ಬಸ್ಸು ಬದಲಿಸಿ ಬದಲಿಸಿ ಬರುತ್ತಿದ್ದರು. ಹಿಂದುಳಿದ ಮಕ್ಕಳನ್ನು ಮಧ್ಯಾಹ್ನ ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ಒಬ್ಬೊಬ್ಬರಿಗೇ ಅಕ್ಷರ ತಿದ್ದಿಸುತ್ತಿದ್ದರು. ತೆಲುಗು ಮಾತಾಡುವ ಒಂದು ಸಣ್ಣ ಹುಡುಗಿ ಇತ್ತು, ಬಾಯಿಯೇ ಬಿಡದ್ದು. ಅದು ಒಂದು ದಿನ ಅಡುಗೆಮನೆಗೆ ಬಂದು ಮೂಟೆಯ ಮೇಲೆ ಬೆರಳಿಟ್ಟು "ತೊ... ಗ... ರಿ" ಎಂದಿತು. ಅಡುಗೆಯವರು ಅದಕ್ಕೆ ಒಂದು ತುಂಡು ಬೆಲ್ಲ ಕೊಟ್ಟರು. ಮಾರನೇ ದಿನದಿಂದ ಅದು ಬೆಲ್ಲಕ್ಕಾಗಿ ಕಂಡದ್ದನ್ನೆಲ್ಲ ಓದತೊಡಗಿತು.

ಆ ಟೀಚರ್ ಒಂದು ಮಧ್ಯಾಹ್ನ ನನ್ನನ್ನು ಕರೆದರು.

"ನೋಡಮ್ಮ, ನಿನ್ ತಮ್ಮ ಓದ್ತಾ ಇಲ್ಲ. ಕೇಳಿದ್ದನ್ನ ಹೇಳ್ತಾ ಇದಾನೆ."

"ಅವ ಓದ್ತಾನ್ರಿ. ಮೇಷ್ಟ್ರನ್ನ ಕೇಳ್ರಿ."

"ಚಿತ್ರಾನ ಕೈಯಿಂದ ಮುಚ್ಚಿ, ಓದು ಅಂದೆ. ಒಂದಕ್ಷರ ಹೇಳೋಕಾಗಲಿಲ್ಲ. ಇನ್ನೊಂದು, ದಿನಾ ಒಂದೇ ಜಾಗದಲ್ಲಿ ತಡವರಿಸ್ತಾನೆ. 'ಕೃತಜ್ಞತೆ' ಅನ್ನೋ ಕಡೆ ಎರಡು ಸಲ ನಿಂತು ಹೇಳ್ತಾನೆ. ಯಾರೋ ಹಾಗೆ ಓದಿ ಹೇಳಿಕೊಟ್ಟಿರ್ಬೇಕು ಅಲ್ವಾ?"

ಆ ಪದದ ಹತ್ತಿರ ನಾನು ಎರಡು ಸಲ ನಿಂತೇ ಓದುತ್ತಿದ್ದೆ.

"ಸಂಜೆ ಒಂದು ಗಂಟೆ ನನ್ ಹತ್ರ ಬಿಡು. ಜಾಣ ಅವನು, ಬೇಗ ಕಲೀತಾನೆ. ಇವಾಗಲ್ಲದಿದ್ರೆ ಆಮೇಲೆ ನಾಚ್ಕೆ ಬಂದು ಬಿಡುತ್ತೆ, ಕಲಿಯಲ್ಲ."

"ಎಲ್ಲಾರೂ ಜಾಣ ಅಂತಾರ. ನೀವೊಬ್ರೇ ಯಾಕ ಅವನ್ನ ದಡ್ಡರ ಸಾಲಿಗೆ ಹಾಕ್ತೀರಿ?" ಎಂದೆ. ಎದ್ದು ಬಂದೆ. ಮನೆಯಲ್ಲಿ ಹೇಳಲಿಲ್ಲ. ಮರದ ಕೆಳಗೆ ಕೂರಬೇಡ ಎಂದು ತಮ್ಮನಿಗೆ ಹೇಳಿದೆ. ಅವನಿಗೂ ಅದೇ ಬೇಕಾಗಿತ್ತು.

ಸ್ವಲ್ಪ ದಿನಕ್ಕೆ ಮೇಲಿನ ಅಧಿಕಾರಿ ಬರುತ್ತಾರೆ, ಮಕ್ಕಳ ಓದು ಹೇಗಿದೆ ಎಂದು ನೋಡುತ್ತಾರೆ ಎಂಬ ಸುದ್ದಿ ಬಂತು. ಮೇಷ್ಟ್ರು ಗಾಬರಿಯಾಗಿದ್ದರು. ಮಕ್ಕಳು ಕಡಿಮೆ, ಓದೂ ಕಡಿಮೆ ಎಂದಾದರೆ ಶಾಲೆ ಮುಚ್ಚಿ ಮಕ್ಕಳನ್ನು ಹೆದ್ದಾರಿಯ ಆಚೆಯ ಶಾಲೆಗೆ ಸೇರಿಸುತ್ತಾರೆ ಎಂದು ಊರಲ್ಲಿ ಮಾತಿತ್ತು. ಅವರು ಅಡುಗೆಮನೆಯ ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು, "ನಿನ್ ತಮ್ಮಂಗೆ ಯಾವ ಪಾಠ ಚೆನ್ನಾಗಿ ಬರುತ್ತೆ?"

ಅವರಿಗೂ ಗೊತ್ತಿತ್ತೇ? ಇವತ್ತಿಗೂ ನನಗೆ ಖಾತ್ರಿಯಿಲ್ಲ. ನಾನು "ಎಲ್ಲಾ ಬರ್ತಾವ್ರಿ" ಎಂದೆ. ಆಮೇಲೆ ಅಧಿಕಾರಿ ಬರುವವರೆಗೂ ದಿನಾ ಸಂಜೆ ಇಡೀ ಪುಸ್ತಕ ಓದಿ ಓದಿ ಅವನ ಕಿವಿಗೆ ಹಾಕಿದೆ. 'ಕೃತಜ್ಞತೆ' ಎನ್ನುವುದನ್ನು ನಾನು ಮೊದಲು ಒಬ್ಬಳೇ ಹೇಳಿ ಹೇಳಿ, ತಡವರಿಸದಂತೆ ಕಲಿತುಕೊಂಡೆ.

ಅಧಿಕಾರಿ ಬಂದರು. ಒಳ್ಳೆಯ ಮನುಷ್ಯರೇ. ಮಕ್ಕಳ ಜೊತೆ ನೆಲದ ಮೇಲೆ ಕೂತು, ಪುಸ್ತಕವನ್ನು ತಾವೇ ತೆರೆದು ತಮ್ಮನ ಕೈಗೆ ಕೊಟ್ಟರು. ನಾನು ಹುಣಸೆಹಣ್ಣು ಕಿವುಚುವುದನ್ನು ನಿಲ್ಲಿಸಿ ಕಿಟಕಿಯಲ್ಲಿ ನಿಂತೆ. ಅವನು ಮೊದಲು ಚಿತ್ರ ನೋಡಿದ. ಬೆರಳು ನಿಧಾನವಾಗಿ ಜರುಗಿತು. ಮುದುಕಿ ನೀರು ಸೇದಿದಳು, ಪುಟ ತಿರುಗಿತು. 'ಕೃತಜ್ಞತೆ'ಯ ಹತ್ತಿರ ಅವನು ನಿಲ್ಲಲೇ ಇಲ್ಲ. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಟೀಚರ್ ತಲೆಯೆತ್ತಿ ಕಿಟಕಿಯ ಕಡೆ ನನ್ನನ್ನೇ ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗುವಿನ ಮರ್ಯಾದೆ ತೆಗೆಯುವುದು ಬೇಡ ಎಂದು ಸುಮ್ಮನಾದರೋ ಏನೋ.

"ವೆರಿ ಗುಡ್! ಹೊರಗಿಂದ ಬಂದ ಮಕ್ಕಳು ಇಷ್ಟು ಚೆನ್ನಾಗಿ ಓದ್ತಾರೆ ಅಂದ್ರೆ ಸಂತೋಷ ಮೇಷ್ಟ್ರೇ," ಎಂದರು ಅಧಿಕಾರಿ. "ಬೇರೆ ಕಡೆ ಪರಿಸ್ಥಿತಿ ತುಂಬಾ ಕೆಟ್ಟದಾಗಿದೆ. ನಿಮಗೇನೂ ಯೋಚನೆ ಇಲ್ಲ ಬಿಡಿ."

ಇಲ್ಲಿ ಯೋಚನೆ ಇಲ್ಲ ಎಂದಾದ ಮೇಲೆ ಆ ಟೀಚರನ್ನು ಬೇರೆ ಶಾಲೆಗೆ ಹಾಕಿದರು. ಹೋಗುವ ದಿನ ಅವರು ಅಡುಗೆಮನೆಗೆ ಬಂದು, "ಇನ್ನೂ ಹೊತ್ತು ಮೀರಿಲ್ಲ ಕಣಮ್ಮ, ನೀನೇ ಕಲಿಸು," ಎಂದರು. ನಾನು ಬದನೆಕಾಯಿ ಹೆಚ್ಚುತ್ತಲೇ ಇದ್ದೆ. ಮರದ ಕೆಳಗಿನ ಜಾಗ ಖಾಲಿಯಾಯಿತು. ತೆಲುಗು ಹುಡುಗಿ ಕೆಲವು ದಿನ ಮೂಟೆಗಳ ಹತ್ತಿರ ಬಂದು ಅದೇ ಹಳೆಯ ಪದಗಳನ್ನು ಹೇಳಿತು. ಹೊಸದನ್ನು ಹೇಳಿಕೊಡುವವರಿರಲಿಲ್ಲ. ಆಮೇಲೆ ಅದು ಬರುವುದನ್ನೇ ಬಿಟ್ಟಿತು. ತರಗತಿಯ ಕೂಗು ಮಾತ್ರ ರಸ್ತೆಯವರೆಗೆ ಕೇಳುತ್ತಲೇ ಇತ್ತು.

ತಮ್ಮ ಐದು ಪಾಸಾದ, ಹೆದ್ದಾರಿಯ ಆಚೆಯ ಶಾಲೆಗೆ ಹೋದ. ಅಲ್ಲಿ ಮಕ್ಕಳು ಹೆಚ್ಚು, ಹಿಂದಿನ ಬೆಂಚಿನಲ್ಲಿ ಕೂತವನನ್ನು ಯಾರೂ ಎಬ್ಬಿಸಲಿಲ್ಲ. ಪಕ್ಕದವನದ್ದು ನೋಡಿ ಅಕ್ಷರಗಳ ಆಕಾರ ಬರೆಯುತ್ತಿದ್ದ. ಹತ್ತರಲ್ಲಿ ಎಲ್ಲ ವಿಷಯದಲ್ಲೂ ಫೇಲಾದಾಗ ಅಪ್ಪ, "ಗಿಳಿಯಂಗ ಓದ್ತಿದ್ದವಗ ಏನಾತು?" ಎಂದು ನನ್ನನ್ನು ಕೇಳಿದ. "ಗೆಳೆಯರು ಕೆಡಿಸ್ಯಾರ," ಎಂದೆ.

ಹದಿನೆಂಟು ತುಂಬಿದ ಮೇಲೆ ಅವನು ಆ ಪ್ಲೇಟಿಂಗ್ ಶೆಡ್ಡಿಗೆ ಸೇರಿದ. ಅಲ್ಲಿ ಸೂಪರ್‌ವೈಸರ್ ದಿನಾ ಬೆಳಿಗ್ಗೆ ಒಂದು ಬಿಳಿ ಬೋರ್ಡಿನ ಮೇಲೆ ಯಾವ ತೊಟ್ಟಿಗೆ ಏನು ಹಾಕಬೇಕು ಎಂದು ಬರೆಯುತ್ತಿದ್ದ. ಕೆಲವು ಬೆರೆತರೆ ವಿಷದ ಹೊಗೆ ಏಳುತ್ತದೆ. ತಮ್ಮ ಅದರ ಫೋಟೋ ತೆಗೆದು ನನಗೆ ಕಳಿಸುತ್ತಿದ್ದ. ನಾನು ಫೋನನ್ನು ಗೂಡಿಗೆ ಹಾಕುವ ಮುಂಚೆ ಅದನ್ನು ಓದಿ, ನನ್ನ ದನಿ ರೆಕಾರ್ಡು ಮಾಡಿ ಕಳಿಸುತ್ತಿದ್ದೆ. ಒಲೆಯ ಮುಂದೆ ಓದುತ್ತಿದ್ದ ಹಾಗೆಯೇ. ಅವನು ಎರಡು ಸಲ ಕೇಳಿದರೆ ಸಾಕಿತ್ತು.

ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಫೋಟೋ ಬರಲಿಲ್ಲ. ಕಾದು ನೋಡಿ ಬೀಗ ಹಾಕಿ ಒಳಗೆ ಹೋದೆ. ಸಂಜೆ ಗೂಡು ತೆರೆದರೆ ಫೋಟೋ ಇತ್ತು. ನಾನು ಒಳಗೆ ಹೋದ ಸ್ವಲ್ಪ ಹೊತ್ತಿಗೇ ಬಂದದ್ದು. ಸೂಪರ್‌ವೈಸರ್ ಆ ದಿನ ತಡವಾಗಿ ಬಂದಿದ್ದನಂತೆ. ಬೋರ್ಡಿನ ಮೇಲೆ, 'ಎರಡನೇ ತೊಟ್ಟಿಯ ದ್ರಾವಣ ಬದಲಾಯಿಸಿದೆ. ಅದಕ್ಕೆ ಆಸಿಡ್ ಹಾಕಬೇಡಿ' ಎಂದಿತ್ತು. ಫೋಟೋದ ಕೆಳಗೆ ತಮ್ಮನ ದನಿ, "ಯಕ್ಕಾ, ಲಗೂನ ಹೇಳು." ಆಮೇಲೆ ಏನೂ ಇಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ಪೀಣ್ಯಕ್ಕೆ ಹೇಗೆ ಹೋದೆ ಎಂದು ಸರಿಯಾಗಿ ನೆನಪಿಲ್ಲ. ಶೆಡ್ಡಿನ ಗೇಟಿನ ಹೊರಗೆ ಅವನು ಒಂದು ಖಾಲಿ ಕ್ಯಾನಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಕಣ್ಣು ಕೆಂಪಾಗಿದ್ದವು, ಉಸಿರಿಗೊಮ್ಮೆ ಕೆಮ್ಮುತ್ತಿದ್ದ. ಪ್ಯಾಂಟಿನ ಕೆಳಗೆಲ್ಲ ತೂತು, ಅದರೊಳಗಿನಿಂದ ಬ್ಯಾಂಡೇಜು ಕಾಣುತ್ತಿತ್ತು.

"ಹೊಸ ಫ್ಯಾಷನ್ ಯಕ್ಕಾ," ಎಂದು ನಗಲು ನೋಡಿದ.

ಸೂಪರ್‌ವೈಸರ್ "ಓದಿ ಎಲ್ರಿಗೂ ಹೇಳು" ಎಂದು ಆಫೀಸಿಗೆ ಹೋಗಿದ್ದ. ತಮ್ಮ ನನ್ನ ದನಿಗಾಗಿ ಕಾದು, ಬಾರದಿದ್ದಾಗ, ನಿನ್ನೆಯದನ್ನೇ ಹೇಳಿ ಕ್ಯಾನು ಎತ್ತಿದ್ದ. ಸುರಿಯಲು ಶುರು ಮಾಡಿದ ಕೂಡಲೇ ಹೊಗೆ ಎದ್ದಿತು, ಒಡಿಶಾದ ಒಬ್ಬ ಕೆಲಸಗಾರ ಅವನ ಕೊರಳಪಟ್ಟಿ ಹಿಡಿದು ಹೊರಗೆ ಎಳೆದಿದ್ದ. "ಬೋರ್ಡ್ ನೋಡ್ಲಿಲ್ವೇನೋ?" ಎಂದು ಸೂಪರ್‌ವೈಸರ್ ಕೇಳಿದ್ದಕ್ಕೆ, "ನೋಡ್ದೆ ಸಾರ್, ಮರ್ತೆ," ಎಂದಿದ್ದನಂತೆ.

ನಾನು ನೆಟ್ಟಗೆ ಒಳಗೆ ಹೋದೆ. ತಮ್ಮ "ಯಕ್ಕಾ, ಬ್ಯಾಡ" ಎನ್ನುತ್ತಾ ಕುಂಟಿಕೊಂಡು ಹಿಂದೆ ಬಂದ.

"ಸಾರ್, ಇವನಿಗೆ ಓದಾಕ ಬರೂದಿಲ್ಲ. ನಾನು ಓದಿ ಹೇಳ್ತಿದ್ದೆ. ಇವನ್ನ ಈ ಕೆಲಸಕ್ಕ ಇಡಬ್ಯಾಡ್ರಿ."

ಸೂಪರ್‌ವೈಸರ್ ನನ್ನನ್ನೂ ಅವನನ್ನೂ ನೋಡಿದ. ಬೈಯಬಹುದು ಎಂದುಕೊಂಡಿದ್ದೆ. ಅವನು ನಕ್ಕುಬಿಟ್ಟ.

"ಇಲ್ಲಿ ಯಾರಿಗಮ್ಮ ಬರುತ್ತೆ? ಅವನು ಒಡಿಶಾ, ಇವರಿಬ್ರು ಬಿಹಾರ. ನಿನ್ ತಮ್ಮ ಒಬ್ಬ ಕನ್ನಡದೋನು, ಸಕ್ಕತ್ತಾಗಿ ಮಾತಾಡ್ತಾನೆ, ಅವನು ಓದಿ ಎಲ್ರಿಗೂ ಹಿಂದೀಲಿ ಹೇಳ್ತಾನೆ ಅಂತಾನೇ ನಾನು ಬೋರ್ಡ್ ಬರೀತಿದ್ದಿದ್ದು." ಅವನು ಒಂದು ಬಟ್ಟೆ ತೆಗೆದುಕೊಂಡು ಬೋರ್ಡು ಒರೆಸಿದ. "ಹೋಗ್ಲಿ ಬಿಡು. ಇನ್ಮೇಲೆ ಬರೆಯೋದೇ ಇಲ್ಲ, ಬಾಯಲ್ಲೇ ಹೇಳ್ತೀನಿ. ಬೇರೆ ಜನ ಎಲ್ಲಿಂದ ತರ್ಲಿ?"

ತೊಟ್ಟಿಗಳ ಮೇಲಿನ ದೊಡ್ಡ ಫ್ಯಾನಿನ ಸದ್ದಿಗೆ ಅವನು ಇಷ್ಟನ್ನೂ ಕೂಗಿಯೇ ಹೇಳಬೇಕಾಯಿತು. ಕೆಲಸಗಾರರು ಕೈ ನಿಲ್ಲಿಸಿ ತಮ್ಮನನ್ನು ನೋಡುತ್ತಿದ್ದರು. ಅವನು ತಲೆ ತಗ್ಗಿಸಿದ್ದ.

ಬಸ್ ಸ್ಟಾಪಿನವರೆಗೂ ಅವನು ಕುಂಟುತ್ತಾ ಬಂದ. ಬಸ್ಸು ಕಂಡಾಗ ಕೇಳಿದ, "ಇಷ್ಟು ವರ್ಷ ಸುಮ್ನಿದ್ದಿ. ಎಲ್ಲಾರ ಮುಂದ ಇವತ್ತ ಯಾಕ ಹೇಳಿದಿ?"

"ಮನಿಗೆ ಬಾ. ಅಕ್ಷರ ಕಲಿಸ್ತೀನಿ. ಈಗ್ಲೂ ಕಲೀಬಹುದು."

"ಆಗ ಕಲಿಸ್ಬೇಕಿತ್ತು," ಎಂದ. ನನ್ನ ಜೊತೆ ಬಸ್ಸು ಹತ್ತಲಿಲ್ಲ.

ಈಗ ಅವನು ಶೆಡ್ಡಿನ ಹತ್ತಿರವೇ ಒಂದು ಕೋಣೆಯಲ್ಲಿ ಆ ಕೆಲಸಗಾರರ ಜೊತೆ ಇದ್ದಾನೆ. ಕಾಲಿನ ಗಾಯ ಒಣಗಿದೆ ಎಂದು ಅವ್ವ ಹೇಳಿದಳು. ಕೆಲಸ ಅದೇ, ತೊಟ್ಟಿಗಳೂ ಅವೇ. ಕ್ಯಾನು ಎತ್ತುವವನೂ ಅವನೇ. ಬೋರ್ಡು ಇಲ್ಲ.

ಶಾಲೆಯ ಮುಂದೆ ಬಸ್ಸಿನಲ್ಲಿ ದಿನಾ ಹೋಗುತ್ತೇನೆ. ಅದನ್ನು ಇನ್ನೂ ಮುಚ್ಚಿಲ್ಲ. ಬೇರೆ ಮೇಷ್ಟ್ರು, ಬೇರೆ ಮಕ್ಕಳು. ಯಾವುದೋ ಒಂದು ಮಗು ಮುಂದೆ ನಿಂತು ಒಂದು ಸಾಲು ಹೇಳುತ್ತದೆ, ಉಳಿದವೆಲ್ಲ ಒಟ್ಟಿಗೆ ಕೂಗುತ್ತವೆ. ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ಆ ಕಡೆ ನೋಡಿ ಮುಗುಳ್ನಗುತ್ತಾರೆ.

ಬೆಳಿಗ್ಗೆ ಗೇಟಿನ ಹತ್ತಿರ ಫೋನು ಹಿಡಿದು, ಗಂಟೆ ಹೊಡೆಯುವವರೆಗೂ ನಿಲ್ಲುತ್ತೇನೆ. ಫೋಟೋ ಬರುವುದಿಲ್ಲ. ಗೂಡಿನಲ್ಲಿಟ್ಟು ಬೀಗ ಹಾಕಿ ಒಳಗೆ ಹೋಗುತ್ತೇನೆ.